60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಚೆ: ಯಾವ ಮೂಳೆಗೆ ಒಳ್ಳೆಯದು, ಯಾವುದಕ್ಕೆ ಅಲ್ಲ

ಮೆಡಿಕಲ್ ಶಾಪಿನಲ್ಲಿ ಸಿಗುವ 1 ಗ್ರಾಂ ಸ್ಯಾಚೆಯಲ್ಲಿ ಕೊಲೆಕ್ಯಾಲ್ಸಿಫೆರಾಲ್ (ಅಂದರೆ ವಿಟಮಿನ್ ಡಿ3) ಇರುವುದು ಬರೀ 1.5 ಮಿಲಿಗ್ರಾಂ. ಅದೇ 60,000 ಯೂನಿಟ್. ಮಿಕ್ಕಿದ್ದೆಲ್ಲ ಸಿಹಿ, ಪರಿಮಳದ ಪುಡಿ. ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ವಾರಗಟ್ಟಲೆ ಉಳಿಯುವ ವಿಟಮಿನ್ ಆದ್ದರಿಂದ ವಾರಕ್ಕೊಂದು ಸಾಕು. ವಾಡಿಕೆಯಂತೆ 8 ವಾರ, ಆಮೇಲೆ ತಿಂಗಳಿಗೊಂದು. ಊಟವಾದ ಮೇಲೆ, ಕೆನೆ ತೆಗೆಯದ ಹಾಲಿನಲ್ಲಿ ಕಲಸಿ ಕುಡಿದರೆ ಚೆನ್ನಾಗಿ ಹತ್ತುತ್ತದೆ.

ಇದು ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಆಸ್ಟಿಯೋಮಲೇಸಿಯಾದಲ್ಲಿ, ಅಂದರೆ ಮೂಳೆ ಮೆತ್ತಗಾಗುವ ಕಾಯಿಲೆಯಲ್ಲಿ. ಡಿ ಕೊರತೆಯಾದರೆ ಕರುಳು ಕ್ಯಾಲ್ಸಿಯಂ ಹೀರದು. ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಫಾಸ್ಫೇಟನ್ನು ಮೂತ್ರಕ್ಕೆ ದಾಟಿಸುತ್ತದೆ. ಹೊಸ ಮೂಳೆಯ ಹಂದರ ತಯಾರಾಗುತ್ತದೆ, ಖನಿಜ ಕೂರುವುದಿಲ್ಲ. ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯದ ಪಿಲ್ಲರಿನ ಪಾಡು. ಸೊಂಟ, ತೊಡೆ ನೋವು, ನೆಲದಿಂದ ಏಳಲು ಕೈಯೂರಬೇಕಾಗುವುದು, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದು ಇದರ ಗುರುತು.

ಎಡವುವುದು ಇಲ್ಲೇ. ಡೆಕ್ಸಾ ಸ್ಕ್ಯಾನಿನಲ್ಲಿ ಈ ಮೂಳೆಯೂ ಸಾಂದ್ರತೆ ಕಡಿಮೆ ತೋರಿಸುತ್ತದೆ, ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಬೇರೆಯೇ ಕಾಯಿಲೆ) ಎಂದು ಹಣೆಪಟ್ಟಿ ಬೀಳುತ್ತದೆ. ಡಿ ತುಂಬಿಸದೆ ಅದಕ್ಕೆ ಕೊಡುವ ಜೊಲೆಡ್ರೋನಿಕ್ ಆ್ಯಸಿಡ್ ಇಂಜೆಕ್ಷನ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳಬಹುದು. ಅದಕ್ಕೇ ಸ್ಕ್ಯಾನಿಗಿಂತ ಮೊದಲು ರಕ್ತಪರೀಕ್ಷೆ: ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, 25-ಹೈಡ್ರಾಕ್ಸಿ ವಿಟಮಿನ್ ಡಿ.

ಸ್ಯಾಚೆಯೊಂದೇ ಸಾಲದು, ಕೂರಿಸಲು ಕ್ಯಾಲ್ಸಿಯಂ ಬೇಕಲ್ಲ! 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ನುಂಗಬೇಕು. ಆಮ್ಲ ತಗ್ಗಿಸುವ ಗ್ಯಾಸ್ಟ್ರಿಕ್ ಮಾತ್ರೆ ದಿನಾ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಮುದ್ದೆ ಬಿಡಬೇಡಿ.

ಕಿಡ್ನಿ ಕೆಟ್ಟವರಿಗೆ ಇದೊಂದರಿಂದ ಆಗದು: ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವುದು ಮುಖ್ಯವಾಗಿ ಕಿಡ್ನಿಯೇ, ಅವರಿಗೆ ಆ ರೂಪದಲ್ಲೇ ಸಿಗುವ ಕ್ಯಾಲ್ಸಿಟ್ರಿಯಾಲ್ ಬೇಕಾಗಬಹುದು. ಪಾವಗಡದಂಥ ಕಡೆ ಫ್ಲೋರೈಡ್ ನೀರಿನಿಂದ ಮೂಳೆ ಕೆಟ್ಟಿದ್ದರೆ ಮೊದಲು ನೀರು ಬದಲಾಗಬೇಕು.

ದೊಡ್ಡ ದೂರು ಪುಡಿಯ ಮೇಲಲ್ಲ, ಅದು ಚೀಟಿಯಿಲ್ಲದೆ ಕೈಗೆ ಸಿಗುವ ರೀತಿಯ ಮೇಲೆ. ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿದರೆ ವಾಂತಿ, ಮಲಬದ್ಧತೆ, ತೀರದ ದಾಹ, ಕೊನೆಗೆ ಕಿಡ್ನಿಗೇ ಪೆಟ್ಟು. ತಂದ ದಿನವೇ ಒಂದೊಂದು ಸ್ಯಾಚೆಯ ಮೇಲೂ ಕುಡಿಯಬೇಕಾದ ತಾರೀಕು ಬರೆದಿಡಿ.