ಪ್ಯಾರಿಸ್‌ನಿಂದ ಒಂದೇ ದಿನಕ್ಕೆ ಮೋಂ-ಸ್ಯಾಂ-ಮಿಷೆಲ್, ಸ್ಯಾಂ-ಮಾಲೊ ಎರಡೂ: ದುಡ್ಡು ಕಟ್ಟುವ ಮೊದಲು ಓದಿ

ಪ್ಯಾರಿಸ್‌ಗೆ ಬಂದವರಿಗೆಲ್ಲ ಕಾಣಸಿಗುವ ಒಂದು ಬಸ್ ಪ್ಯಾಕೇಜ್ ಇದೆ. ಬೆಳಗ್ಗೆ ಹೊರಟು ಸಮುದ್ರದ ನಡುವೆ ಬಂಡೆಯ ಮೇಲಿರುವ ಮಠ ಮೋಂ-ಸ್ಯಾಂ-ಮಿಷೆಲ್, ಮಧ್ಯಾಹ್ನ ಕೋಟೆ ಕಟ್ಟಿದ ಹಳೆಯ ಬಂದರು ಸ್ಯಾಂ-ಮಾಲೊ, ರಾತ್ರಿ ಮತ್ತೆ ಪ್ಯಾರಿಸ್. ಚಿತ್ರದಲ್ಲಿ ಮಠದ ಸುತ್ತ ನೀಲಿ ನೀರು ತುಂಬಿರುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ತೋರಿಸೋಣ ಎಂದು ಆಸೆಯಿಂದ ಕಾಯ್ದಿರಿಸಿದ ಎಷ್ಟೋ ಮನೆಯವರು ಕಾಲು ನೋವು, ಹಸಿವು, ಕೆಸರುಮರಳಿನ ನಾಲ್ಕು ಫೋಟೊ ಹೊತ್ತು ಮರಳಿದ್ದಾರೆ. ಅವರ ತಪ್ಪೇನೂ ಇಲ್ಲ. ಆ ದಿನದ ಲೆಕ್ಕವೇ ಕೂಡುವುದಿಲ್ಲ.

ಪ್ಯಾರಿಸ್‌ನಿಂದ ಮೋಂಗೆ ರಸ್ತೆಯಲ್ಲಿ ಸುಮಾರು 360 ಕಿಲೋಮೀಟರ್, ನಿಲ್ಲದೆ ಓಡಿದರೂ ನಾಲ್ಕು ಗಂಟೆ. ಏಳಕ್ಕೆ ಹೊರಟ ಬಸ್ಸು ದಾರಿಯಲ್ಲಿ ಅರ್ಧ ಗಂಟೆ ನಿಂತು ಹನ್ನೊಂದೂವರೆಗೆ ತಲುಪುತ್ತದೆ. ತಲುಪುವುದು ಮಠಕ್ಕಲ್ಲ, ದಡದ ಮೇಲಿನ ಪಾರ್ಕಿಂಗ್‌ಗೆ. ಅಲ್ಲಿಂದ ಮಠ ಎರಡೂವರೆ ಕಿಲೋಮೀಟರ್ ಆಚೆ. ಉಚಿತ ಶಟಲ್ ಬಸ್ಸಿದೆ, ಸವಾರಿ ಸುಮಾರು 12 ನಿಮಿಷ. ಆದರೆ ಆ ಹೊತ್ತಿಗೆ ಸಾಲು ದೊಡ್ಡದು, ಇಳಿಸಿದ ಮೇಲೂ ಕೋಟೆ ಬಾಗಿಲಿಗೆ ಸುಮಾರು 400 ಮೀಟರ್ ನಡಿಗೆ. ಬಾಗಿಲು ದಾಟುವಾಗ ಹನ್ನೆರಡೂಕಾಲು ಆಗಿರುತ್ತದೆ. ಎರಡೂವರೆಗೆ ಬಸ್ಸು ಹೊರಡಬೇಕೆಂದರೆ ಒಂದೂಮುಕ್ಕಾಲಕ್ಕೆ ಶಟಲ್ ಸಾಲಿಗೆ ವಾಪಸ್ ಬಂದು ನಿಲ್ಲಬೇಕು. ಬಂಡೆಯ ಮೇಲೆ ಸಿಗುವುದು ಒಂದೂವರೆ ಗಂಟೆ. ಮಠ ಒಂದನ್ನೇ ನೋಡಲು ಅಷ್ಟು ಬೇಕು, ಹತ್ತುವುದು ಇಳಿಯುವುದು ಬೇರೆ. ಮೂರೂವರೆಗೆ ಸ್ಯಾಂ-ಮಾಲೊ, ಐದಕ್ಕೆ ಅಲ್ಲಿಂದ ಹೊರಟರೆ ಪ್ಯಾರಿಸ್ ಸೇರುವಾಗ ರಾತ್ರಿ ಹತ್ತು. ಹದಿನೈದು ಗಂಟೆಯ ದಿನದಲ್ಲಿ ಹತ್ತೂವರೆ ಗಂಟೆ ಬಸ್ಸಿಗೇ ಹೋಯಿತು.

ಡ್ರೈವರ್ ಹತ್ತು ನಿಮಿಷ ಕಾಯಬಾರದೇ ಎಂದು ಜಗಳ ಆಡುವವರಿದ್ದಾರೆ. ಅದು ಡ್ರೈವರ್ ಕೈಯಲ್ಲೂ ಇಲ್ಲ. ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆಗೆ ಅವಕಾಶ. ಈ ಪ್ಯಾಕೇಜಿನ ದಾರಿಯೇ ಒಂಬತ್ತು ಗಂಟೆ ಮೀರುತ್ತದೆ. ಅದಕ್ಕೇ ತಡವಾದವರನ್ನು ಬಿಟ್ಟು ಬಸ್ಸು ಹೊರಟುಬಿಡುತ್ತದೆ, ಆಮೇಲೆ ಪ್ಯಾರಿಸ್‌ಗೆ ಮರಳುವ ದಾರಿಯೂ ಖರ್ಚೂ ನಿಮ್ಮದೇ.

ಇದಕ್ಕಿಂತ ದೊಡ್ಡ ಮೋಸ ಆ ನೀಲಿ ನೀರಿನ ಚಿತ್ರದ್ದು, ಅದನ್ನು ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಸುಮಾರು ಎರಡು ಮೀಟರಿನೊಳಗೇ ಮುಗಿಯುತ್ತದೆ. ಈ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನ ಅದು 14 ಮೀಟರ್ ಮುಟ್ಟುತ್ತದೆ. ಫ್ರಾನ್ಸಿನಲ್ಲಿ ಉಬ್ಬರದ ಬಲವನ್ನು 20ರಿಂದ 120ರವರೆಗಿನ ಗುಣಾಂಕದಲ್ಲಿ ಅಳೆಯುತ್ತಾರೆ. ಗುಣಾಂಕ 90ರ ಆಸುಪಾಸು ದಾಟಿದರೆ ಮಾತ್ರ ನೀರು ಮೋಂ ತನಕ ಬರುತ್ತದೆ. 110 ದಾಟಿದರೆ ದಡದಿಂದ ಬಂಡೆಗೆ ಹೋಗುವ ಸೇತುವೆಯ ತುದಿಯೂ ಮುಳುಗಿ, ಸ್ವಲ್ಪ ಹೊತ್ತು ಅದು ನಿಜವಾದ ದ್ವೀಪ. ಉಳಿದ ದಿನಗಳಲ್ಲಿ ಬೂದುಬಣ್ಣದ ಮರಳು, ಅಷ್ಟೇ.

ಅಮಾವಾಸ್ಯೆ ಹುಣ್ಣಿಮೆಯ ದಿನ ನೋಡಿ ಹೋದರೆ ಸಾಕಲ್ಲ ಎನ್ನಬಹುದು. ದೊಡ್ಡ ಉಬ್ಬರ ಬರುವುದು ಅವು ಕಳೆದ ಒಂದೆರಡು ದಿನಕ್ಕೆ, ಅದು ಸರಿ. ಆದರೆ ಯಾವುದೇ ಬಂದರಿನಲ್ಲಿ ದೊಡ್ಡ ಉಬ್ಬರ ಹೆಚ್ಚುಕಡಿಮೆ ದಿನದ ಅದೇ ಹೊತ್ತಿಗೆ ತುಂಬುತ್ತದೆ. ಇಲ್ಲಿ ಆ ಹೊತ್ತು ಬೆಳಗ್ಗೆ ಏಳರಿಂದ ಹತ್ತು, ಮತ್ತೆ ಸಂಜೆ ಏಳರಿಂದ ಹತ್ತು. ನಡು ಮಧ್ಯಾಹ್ನ ನೀರು ತುಂಬುವುದು ಸಣ್ಣ ಉಬ್ಬರದ ದಿನಗಳಲ್ಲಿ, ಆಗ ಅದು ಬಂಡೆಯ ತನಕ ಬರುವುದೇ ಇಲ್ಲ. ಹನ್ನೆರಡಕ್ಕೆ ಬಂದು ಎರಡಕ್ಕೆ ಹೋಗುವ ಬಸ್ಸಿನವರಿಗೆ ವರ್ಷದ ಯಾವ ದಿನ ಹೋದರೂ ಆ ಚಿತ್ರ ಸಿಗುವುದಿಲ್ಲ. ಅದು ರಾತ್ರಿ ತಂಗುವವರ ಪಾಲು.

ಪ್ಯಾಕೇಜಿನಲ್ಲಿ ‘ಪ್ರವೇಶ ಸೇರಿದೆ’ ಎಂದಿದ್ದರೆ ಯಾವುದಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ. ಬಂಡೆಗೂ ಅದರ ಬೀದಿಗೂ ಟಿಕೆಟ್ಟೇ ಇಲ್ಲ, ಟಿಕೆಟ್ ಇರುವುದು ತುದಿಯ ಮಠಕ್ಕೆ, ಅದನ್ನು ಗಂಟೆ ಗೊತ್ತುಮಾಡಿ ಮುಂಚೆಯೇ ತೆಗೆಯುವುದು ಲೇಸು. ಮೇಲೆ ಹೋಗುವ ಕಿರಿದಾದ ಗ್ರಾಂಡ್ ರ್‍ಯೂ ಬೀದಿಯಲ್ಲಿ ಸಣ್ಣ ಖಾಸಗಿ ಮ್ಯೂಸಿಯಂಗಳಿವೆ. ಇವೇ ಮಠ ಎಂದುಕೊಂಡು ಟಿಕೆಟ್ ಕೊಂಡು, ಸಮಯ ಕಳೆದು, ಮಠವನ್ನು ನೋಡದೆ ಇಳಿದವರಿದ್ದಾರೆ. 18ರೊಳಗಿನ ಮಕ್ಕಳಿಗೆ ಮಠ ಉಚಿತ, ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಜೊತೆಗಿರಲಿ. ಜನವರಿ 1, ಮೇ 1, ಡಿಸೆಂಬರ್ 25ರಂದು ಬಾಗಿಲು ಮುಚ್ಚಿರುತ್ತದೆ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ.

ಮೆಟ್ಟಿಲುಗಳು ಸುಮಾರು 350. ಕಲ್ಲು ಹಾಸು, ಮಳೆ ಬಂದರೆ ಜಾರು. ಮಂಡಿನೋವಿರುವ ಹಿರಿಯರನ್ನು ನಡು ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಹತ್ತಿಸುವುದು ಬೇಡ, ನಿಂತು ಸುಧಾರಿಸಿಕೊಳ್ಳಲೂ ಜಾಗ ಇರುವುದಿಲ್ಲ. ಶೌಚಾಲಯದ ಕೆಲಸ ಕೆಳಗೇ ಮುಗಿಸಿ. ಆದರೆ ಕಾಲಿಗೆ ಶಕ್ತಿ ಇದ್ದವರು ಮೇಲೆ ಹೋಗದೆ ಬರಬಾರದು. 708ರಲ್ಲಿ ಅವ್ರಾಂಶ್‌ನ ಬಿಷಪ್ ಓಬೇರ್ ಕಟ್ಟಿಸಿದ ಪುಟ್ಟ ಗುಡಿಯಿಂದ ಶುರುವಾಗಿ, 966ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ನೆಲೆಸಿ, 13ನೇ ಶತಮಾನದಲ್ಲಿ ಬಂಡೆಯ ಇಳಿಜಾರಿಗೆ ಆತುಕೊಂಡಂತೆ ಮೂರು ಅಂತಸ್ತಿನ ‘ಮೆರ್ವೇಯ್’ (ಅಚ್ಚರಿ) ಎಂಬ ಭಾಗ ಎದ್ದು ನಿಂತ ಕಟ್ಟಡ ಅದು. ಮೇಲಿನ ಅಂತಸ್ತಿನ ಕಂಬಸಾಲಿನ ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಲು ಆಗದಿದ್ದರೆ ಅಷ್ಟು ದೂರ ಹೋಗಿದ್ದಕ್ಕೆ ಏನು ಸಿಕ್ಕಿತು?

ಸಮಯ ಉಳಿಯಿತೆಂದು ಮರಳಿಗಿಳಿದು ಬಂಡೆಗೆ ಸುತ್ತು ಹಾಕಲು ಹೊರಡಬೇಡಿ. ಉಬ್ಬರದ ನೀರು ಮುಂದಿನಿಂದ ಮಾತ್ರ ಬರುವುದಿಲ್ಲ, ಕಾಲುವೆಗಳಲ್ಲಿ ನುಗ್ಗಿ ಹಿಂದಿನ ದಾರಿಯನ್ನು ಮೊದಲು ಮುಚ್ಚುತ್ತದೆ. ಕಾಲು ಹೂತುಹೋಗುವ ಹುದುಲು ಮರಳೂ ಇದೆ. ಕೊಲ್ಲಿಯನ್ನು ನಡೆದು ದಾಟುವ ಆಸೆ ಇದ್ದರೆ ಪರವಾನಗಿ ಇರುವ ಗೈಡ್ ಜೊತೆ ಕೊಲ್ಲಿಯ ಆಚೆ ದಡದ ಜೆನೆ ಊರಿನ ಕಡೆಯಿಂದ ಹೊರಡಿ, ಒಂದು ದಿಕ್ಕಿಗೆ ಆರೇಳು ಕಿಲೋಮೀಟರ್, ಬರಿಗಾಲು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ವಿಶೇಷ ಎಚ್ಚರ ವಹಿಸಬೇಕು. ಅಲ್ಲಿನ ಸುಲಭದ ಊಟ ಗಲೆಟ್, ಬಕ್‌ವೀಟ್ ಹಿಟ್ಟಿನ ತೆಳು ದೋಸೆ. ಮೆನುವಿನಲ್ಲಿ ‘ಕೊಂಪ್ಲೆಟ್’ ಎಂದಿದ್ದರೆ ಅದರೊಳಗೆ ಹಂದಿಮಾಂಸ, ಮೊಟ್ಟೆ, ಚೀಸ್ ಮೂರೂ ಇರುತ್ತವೆ. ‘ಸಾಂ ಜಾಂಬೊ, ಸಾಂ ಅಫ್’ ಎಂದರೆ ಹಂದಿಮಾಂಸ ಬೇಡ, ಮೊಟ್ಟೆ ಬೇಡ. ಮಧ್ಯಾಹ್ನ ಎರಡರ ನಂತರ ಬಹಳಷ್ಟು ಅಡುಗೆಮನೆ ಮುಚ್ಚುತ್ತವೆ, ಬಸ್ಸಿನವರು ಹಸಿದು ಸ್ಯಾಂ-ಮಾಲೊ ತಲುಪುವುದು ಮೂರೂವರೆಗೆ. ಬುತ್ತಿ ಕಟ್ಟಿಕೊಂಡೇ ಹೋಗಿ.

ಸರಿಯಾದ ದಾರಿ ಇದು. ಪ್ಯಾರಿಸ್ ಮೋಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ರೆನ್ ನಗರಕ್ಕೆ ಸುಮಾರು ಒಂದೂವರೆ ಗಂಟೆ, ನಿಲ್ದಾಣದ ಪಕ್ಕದಿಂದಲೇ ಮೋಂಗೆ ಬಸ್ಸು, ಅದು ಒಂದೂಕಾಲು ಗಂಟೆ. ದಿನಕ್ಕೆ ಕೆಲವೇ ಬಸ್ಸುಗಳಿರುವುದರಿಂದ ಬಸ್ಸಿನ ಸಮಯ ನೋಡಿ ರೈಲು ಕಾಯ್ದಿರಿಸಿ, ರೈಲು ನೋಡಿ ಬಸ್ಸಲ್ಲ. ದಡದ ಮೇಲಿನ ಲಾ ಕಾಸೆರ್ನ್‌ನಲ್ಲಿ ಅಥವಾ ಒಂಬತ್ತು ಕಿಲೋಮೀಟರ್ ದೂರದ ಪೋಂತೋರ್ಸೋಂನಲ್ಲಿ ಕೋಣೆ ಹಿಡಿಯಿರಿ. ನಾಲ್ಕರ ನಂತರ ದಿನದ ಜನ ಇಳಿದುಹೋಗಿರುತ್ತಾರೆ, ಆಗ ಮಠಕ್ಕೆ ಹೋಗಿ. ಮೇ 2ರಿಂದ ಆಗಸ್ಟ್ ಕೊನೆಯವರೆಗೆ ಕೊನೆಯ ಪ್ರವೇಶ ಸಂಜೆ ಆರಕ್ಕೆ, ಉಳಿದ ತಿಂಗಳು ಐದಕ್ಕೆ. ಉಬ್ಬರ ತುಂಬುವ ಎರಡು ಗಂಟೆ ಮೊದಲೇ ಬಂಡೆಯ ಮೇಲಿದ್ದರೆ ನೀರು ಬರುವುದೂ ಕಾಣುತ್ತದೆ. ಉಬ್ಬರದ ಕೆಲವು ಪಟ್ಟಿಗಳಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಒಂದು ಗಂಟೆ ಸೇರಿಸಿರುವುದಿಲ್ಲ, ಕೆಳಗಿನ ಸಣ್ಣ ಅಕ್ಷರ ಓದಿ.

ಮರುದಿನ ಸ್ಯಾಂ-ಮಾಲೊ. ಎರಡರ ನಡುವೆ 55 ಕಿಲೋಮೀಟರ್ ಅಷ್ಟೇ, ಆದರೆ ಪೋಂತೋರ್ಸೋಂ, ದೋಲ್ ಮೂಲಕ ಹೋಗುವ ರೈಲುಗಳು ಕಡಿಮೆ. ಮೂರ್ನಾಲ್ಕು ಜನರಿದ್ದರೆ ಕಾರು ಲೇಸು. ಅಲ್ಲಿಂದ ಪ್ಯಾರಿಸ್‌ಗೆ ನೇರ ಟಿಜಿವಿ ಇದೆ, ಎರಡೂಕಾಲು ಗಂಟೆಯ ಆಸುಪಾಸು. ಕೈಯಲ್ಲಿ ಒಂದೇ ದಿನ ಇದ್ದರೆ ಈ ರೈಲು ಹಿಡಿದು ಸ್ಯಾಂ-ಮಾಲೊ ಒಂದನ್ನೇ ನೋಡಿ ಬನ್ನಿ, ಮಠವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಪ್ಯಾಕೇಜಿನ ಒಂದೂವರೆ ಗಂಟೆಗೆ ಸ್ಯಾಂ-ಮಾಲೊ ದಕ್ಕುವುದಿಲ್ಲ. ಕೋಟೆಗೋಡೆಯ ಮೇಲಿನ ಸುತ್ತು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅದಕ್ಕೇ ಒಂದು ಗಂಟೆ. ಎರಡನೇ ಮಹಾಯುದ್ಧದಲ್ಲಿ, 1944ರ ಆಗಸ್ಟಿನಲ್ಲಿ, ಗೋಡೆಯೊಳಗಿನ ಊರಿನ ಬಹುಪಾಲು ಸುಟ್ಟು ಬಿತ್ತು. ಈಗ ಕಾಣುವ ಬೂದು ಕಲ್ಲಿನ ಮನೆಗಳಲ್ಲಿ ಹೆಚ್ಚಿನವು ಆಮೇಲೆ ಹಳೆಯ ರೂಪದಲ್ಲೇ ಕಟ್ಟಿದವು ಎಂದು ಗೊತ್ತಿದ್ದು ನೋಡಿದರೆ ಕಣ್ಣು ಬೇರೆಯೇ ಆಗುತ್ತದೆ. 1746ರಲ್ಲಿ ಮದರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡ ಲಾ ಬೂರ್ದೊನೆ, 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಹಡಗನ್ನು ಹಿಡಿದ ಸುರ್ಕೂಫ್, ಇಬ್ಬರೂ ಇಲ್ಲೇ ಹುಟ್ಟಿದವರು.

ಗೋಡೆಯಾಚೆ ಗ್ರಾಂ ಬೇ ದ್ವೀಪವಿದೆ, ಸಾಹಿತಿ ಶಾತೋಬ್ರಿಯಾಂ ಅವರ ಸಮಾಧಿ ಅಲ್ಲಿ. ನೀರು ಇಳಿದಾಗ ಮಾತ್ರ ನಡೆದು ಹೋಗಬಹುದು. ಮೋಂನಲ್ಲಿ ಬೆಳಗ್ಗೆ ದೊಡ್ಡ ಉಬ್ಬರ ನೋಡಿದ ದಿನ ಇಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ಆಸುಪಾಸು ನೀರು ಪೂರ್ತಿ ಇಳಿದಿರುತ್ತದೆ, ಎರಡು ದಿನದ ಯೋಜನೆಗೆ ಅದು ಚೆನ್ನಾಗಿ ಹೊಂದುತ್ತದೆ. ಇಳಿತದ ಹೊತ್ತು ಕಳೆದ ಮೇಲೆ ಹೊಸದಾಗಿ ಹೊರಡಬೇಡಿ. ದ್ವೀಪದ ಮೇಲಿದ್ದಾಗ ಕಲ್ಲುದಾರಿಯ ಮೇಲೆ ನೀರು ಹತ್ತಿದ್ದು ಕಂಡರೆ, ಮೊಣಕಾಲೆತ್ತರ ಇದ್ದರೂ ಇಳಿಯಬೇಡಿ. ಎತ್ತರದಲ್ಲೇ ಕುಳಿತುಕೊಳ್ಳಿ, ದಾರಿ ಮತ್ತೆ ತೆರೆಯಲು ಸುಮಾರು ಆರು ಗಂಟೆ ಬೇಕು. ಬೆಚ್ಚನೆಯ ಅಂಗಿ, ನೀರು, ಚಾರ್ಜ್ ಇರುವ ಮೊಬೈಲ್ ಇಲ್ಲದೆ ಆ ದಾರಿಗೆ ಕಾಲಿಡಬೇಡಿ. ಅಪಾಯ ಕಂಡರೆ ಕರೆಯಬೇಕಾದ ಸಂಖ್ಯೆ 112.