ಪವಿತ್ರ ನಾಡಿನ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಆ ಪಾಂಪ್ಲೆಟ್ ಇನ್ನೊಂದು ಸಲ ಓದಿ

2023ರ ಫೆಬ್ರವರಿಯಲ್ಲಿ ನಮ್ಮ ಚರ್ಚಿನಿಂದ 42 ಜನ ಪವಿತ್ರ ನಾಡಿಗೆ ಹೋಗಿದ್ದೆವು. ಜೋರ್ಡಾನ್, ಇಸ್ರೇಲ್, ಈಜಿಪ್ಟ್, ಒಟ್ಟು 11 ದಿನ, ತಲೆಗೆ 1,35,000 ರೂಪಾಯಿ. ನನ್ನ ಜೊತೆ ಅಮ್ಮ ಇದ್ದರು. ಅವರಿಗೆ 68 ವರ್ಷ, ಮೊಣಕಾಲು ನೋವು ಬೇರೆ. ಪೆನ್ಷನ್‌ನಲ್ಲಿ ಉಳಿಸಿದ ದುಡ್ಡು ಅವರದ್ದು. ಟ್ರಾವೆಲ್ಸ್‌ನವರ ಹೆಸರು ಇಲ್ಲಿ ಹಾಕಲ್ಲ, ದಯವಿಟ್ಟು ಕೇಳಬೇಡಿ.

ಪಾಂಪ್ಲೆಟ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಎಲ್ಲಾ ಖರ್ಚೂ ಸೇರಿ’ ಅಂತ ಇತ್ತು. ಜೋರ್ಡಾನ್ ರಾಜಧಾನಿ ಅಮ್ಮಾನ್‌ನಲ್ಲಿ ಮೊದಲ ದಿನ ಬಸ್ ಹತ್ತಿದ ತಕ್ಷಣ ಟ್ರಾವೆಲ್ಸ್‌ನವರು ಮೈಕ್ ಹಿಡಿದು ಶುರು ಮಾಡಿದರು: ಗೈಡ್‌ಗೆ, ಡ್ರೈವರ್‌ಗೆ ಟಿಪ್ಸ್, ದಿನಕ್ಕೆ 10 ಡಾಲರ್ ಲೆಕ್ಕದಲ್ಲಿ ಒಬ್ಬೊಬ್ಬರೂ 110 ಡಾಲರ್ ಕೊಡಬೇಕು. ಎಲ್ಲರ ಎದುರಿಗೆ ಕವರ್ ಹಿಡಿದು ಸೀಟಿನ ಪಕ್ಕ ನಿಂತರೆ ಯಾರು ತಾನೇ ಇಲ್ಲ ಅಂತಾರೆ?

ನಾವು ಮೋಸ ಹೋಗಿದ್ದು ಒಂದು ಪದದಲ್ಲಿ. ಕೆಲವು ಜಾಗಕ್ಕೆ ‘ಭೇಟಿ’ ಅಂತ ಬರೆದಿದ್ದರು, ಕೆಲವಕ್ಕೆ ‘ವೀಕ್ಷಣೆ’ ಅಂತ. ಎರಡೂ ಒಂದೇ ಅಂದುಕೊಂಡಿದ್ದೆವು. ವೀಕ್ಷಣೆ ಅಂದರೆ ಬಸ್ಸಿನ ಕಿಟಕಿಯಿಂದ ನೋಡೋದು ಅಂತ ಗೊತ್ತಾಗಿದ್ದು ಗಲಿಲೇಯದಲ್ಲಿ. ಯೇಸುವಿನ ಶಿಷ್ಯ ಪೇತ್ರ ಇದ್ದ ಊರು, ಕಫೆರ್ನಾವುಮ್, ಅಲ್ಲಿ ಇಳಿಸಲೇ ಇಲ್ಲ. ಬಲಗಡೆ ನೋಡಿ ಅಂದರು, ಬಲಗಡೆ ಮರಗಳಿದ್ದವು.

‘ಭೇಟಿ’ ಅಂತ ಇದ್ದ ಕಡೆಯೂ ನೆಟ್ಟಗೆ ಆಗಲಿಲ್ಲ. ನಮ್ಮ ಬೀದಿಯವರು ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಜಾಗಕ್ಕೆ ಮುಟ್ಟಿಸಿಕೊಂಡು ಬನ್ನಿ ಅಂತ ಅಮ್ಮನ ಕೈಯಲ್ಲಿ ಏಳು ಜಪಸರ ಕೊಟ್ಟಿದ್ದರು. ಆ ದಿನ ಮೊದಲು ನಮ್ಮನ್ನು ಆಲಿವ್ ಮರದ ಸಾಮಾನಿನ ಅಂಗಡಿಗೆ ಬಿಟ್ಟು ಬಸ್ ಎಲ್ಲೋ ಹೋಯಿತು. ಒಂದೂವರೆ ಗಂಟೆ ಅಲ್ಲೇ. ಕೊನೆಗೂ ಚರ್ಚಿಗೆ ಬಂದೆವು. ಅದರ ಬಾಗಿಲು ಬರೀ 1.2 ಮೀಟರ್ ಎತ್ತರ, ಎಂಥವರೂ ಬಗ್ಗಲೇಬೇಕು. ಅಮ್ಮ ನನ್ನ ಭುಜ ಹಿಡಿದು ಬಗ್ಗಿ ಒಳಗೆ ಬಂದರು. ಯೇಸು ಹುಟ್ಟಿದ ಜಾಗ ಅಂತ 14 ಮೂಲೆಯ ಬೆಳ್ಳಿ ನಕ್ಷತ್ರ ಇರುವುದು ಕೆಳಗಿನ ಗವಿಯಲ್ಲಿ. ಅದಕ್ಕೆ ಉದ್ದ ಕ್ಯೂ. ಅಮ್ಮ ಜಪಸರಗಳನ್ನು ಚೀಲದಿಂದ ತೆಗೆದು ಬೆರಳಿಗೆ ಸುತ್ತಿಕೊಂಡು ನಿಂತರು. ಇಪ್ಪತ್ತೈದು ನಿಮಿಷ ಆಗಿತ್ತು, ಮೆಟ್ಟಿಲು ಕಣ್ಣಿಗೆ ಕಾಣ್ತಾ ಇತ್ತು, ಗೈಡ್ ಬಂದು ಟೈಮ್ ಆಯ್ತು ನಡೀರಿ ಅಂದ. ಜೊತೆಗೆ ಬಂದಿದ್ದ ನಮ್ಮ ಚರ್ಚಿನ ಫಾದರ್ ಹತ್ತಿರ ಹೇಳಿದೆ. ಅವರು ಸುಮ್ನೆ ತಲೆ ತಗ್ಗಿಸಿದರು. ಅವರ ಟಿಕೆಟ್ ಫ್ರೀ ಇತ್ತು ಅಂತ ಆಮೇಲೆ ಗೊತ್ತಾಯಿತು. ಒಳ್ಳೆಯವರೇ, ಆದರೆ ಪುಕ್ಕಟೆ ಬಂದವರು ಹೇಗೆ ಜಗಳ ಆಡ್ತಾರೆ ಹೇಳಿ.

ಈಜಿಪ್ಟಿನ ಸೀನಾಯಿ, ಮೋಶೆಗೆ ದೇವರ ಹತ್ತು ಆಜ್ಞೆ ಸಿಕ್ಕಿತು ಅನ್ನುವ ಬೆಟ್ಟ, ಅಲ್ಲಿಯ ಕಥೆ ಇನ್ನೂ ಚೆನ್ನ. ಬೆಟ್ಟ 2,285 ಮೀಟರ್, ರಾತ್ರಿಯೇ ಹತ್ತಬೇಕು, ಕೊರೆಯುವ ಚಳಿ, ಕೊನೆಗೆ 750 ಮೆಟ್ಟಿಲು. ಅಮ್ಮ ಹತ್ತಲಿಲ್ಲ, ಕೆಳಗಿನ ಸಂತ ಕ್ಯಾಥರಿನ್ ಮಠದಲ್ಲಿ ಮೋಶೆಯ ಪೊದೆ, ಅಂದರೆ ಉರಿಯುತ್ತಿದ್ದಾಗ ಅದರೊಳಗಿಂದ ದೇವರು ಮೋಶೆ ಹತ್ತಿರ ಮಾತಾಡಿದರು ಅನ್ನುವ ಪೊದೆ, ಅದನ್ನು ನೋಡಿದರೆ ಸಾಕು ಅಂದರು. ಬೆಳಗ್ಗೆ ಹೋದರೆ ಬಾಗಿಲು ಮುಚ್ಚಿದೆ. ಅವತ್ತು ಶುಕ್ರವಾರ, ಶುಕ್ರವಾರ ಭಾನುವಾರ ಅಲ್ಲಿ ಯಾತ್ರಿಕರನ್ನು ಬಿಡಲ್ಲ. ವರ್ಷಪೂರ್ತಿ ಇದೇ ಟೂರ್ ಮಾಡುವವರಿಗೆ ಇದು ಗೊತ್ತಿರಲಿಲ್ವಾ?

ಇನ್ನೊಂದು ಮಾತು. ಗ್ರೂಪ್ ವೀಸಾ ಅಂತ ಎಲ್ಲರ ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡಿದ್ದರು. ಇಸ್ರೇಲ್‌ನಲ್ಲಿ ಆಗ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕದೆ, ದೇಶದೊಳಗೆ ಬಂದದ್ದಕ್ಕೆ ಒಂದು ನೀಲಿ ಚೀಟಿ ಕೊಡ್ತಿದ್ದರು, ಅದನ್ನೂ ಇಸ್ಕೊಂಡರು. ಪಾಸ್‌ಪೋರ್ಟ್, ಅಲ್ಲಿ ಕೊಡುವ ಚೀಟಿ ಏನಿದ್ದರೂ ಅದರ ಫೋಟೋ ಆದರೂ ನಿಮ್ಮ ಮೊಬೈಲಲ್ಲಿ ಇರಲಿ. ದುಡ್ಡು ಕಟ್ಟುವ ಮುಂಚೆ ಯಾವ ಜಾಗಕ್ಕೆ ವಾರದ ಯಾವ ದಿನ, ಎಲ್ಲೆಲ್ಲಿ ಇಳಿಸ್ತೀರಿ, ಎಷ್ಟು ಹೊತ್ತು, ಟಿಪ್ಸ್ ಎಷ್ಟು, ಇಷ್ಟನ್ನೂ ಬರವಣಿಗೆಯಲ್ಲಿ ಇಸ್ಕೊಳ್ಳಿ. ಬಾಯಿಮಾತು ಬೇಡ. ನಾವು ವಾಪಸ್ ಬಂದು ದುಡ್ಡು ಕೇಳಿದಾಗ ಅವರು ತೋರಿಸಿದ್ದು ಅದೇ ‘ವೀಕ್ಷಣೆ’ ಪದವನ್ನು.

ಅಮ್ಮ ಏಳು ಮನೆಗೂ ಹೋಗಿ, ಮುಟ್ಟಿಸೋಕೆ ಆಗಲಿಲ್ಲ ಅಂತ ಹೇಳಿಯೇ ಜಪಸರ ವಾಪಸ್ ಕೊಟ್ಟರು. ಜೊತೆಗೆ ಆಲಿವ್ ಮರದ ಒಂದೊಂದು ಪುಟ್ಟ ಶಿಲುಬೆ. ಮೂಲೆ ಮನೆಯ ಆಂಟಿ ಅದನ್ನು ತಿರುಗಿಸಿ ನೋಡಿ, “ಅಂಗಡಿಗೆ ಹೋಗೋಕೆ ಮಾತ್ರ ಟೈಮ್ ಸಿಕ್ತಾ?” ಅಂದರು.