ಮೇಡ್‌ಸ್ಟೋನ್‌ನ ಕೆಂಟ್ ಆರ್ಕೈವ್: ಹೋಗುವವರು ಮೊದಲು ಸಿಬ್ಬಂದಿಯನ್ನು ಕೇಳಿ

ಇಂಗ್ಲೆಂಡ್‌ನ ಕೆಂಟ್ ಕಡೆ ಇರುವ ಕನ್ನಡದವರು ಮುಖ್ಯವಾಗಿ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಮೇಡ್‌ಸ್ಟೋನ್‌ನಲ್ಲಿ ಕೆಂಟ್ ಹಿಸ್ಟರಿ ಅಂಡ್ ಲೈಬ್ರರಿ ಸೆಂಟರ್ ಇದೆ. 2012ರಲ್ಲಿ ತೆರೆದ ಕಟ್ಟಡ. ಒಳಗೆ ಮಾಮೂಲಿ ಲೈಬ್ರರಿಯೂ ಇದೆ, ಕೌಂಟಿಯ ಹಳೇ ದಾಖಲೆಗಳೂ ಇವೆ. ಕೆಲವು ವರ್ಷಗಳಿಂದ ಬಿಡುವಾದಾಗ ಹೋಗುತ್ತಿದ್ದೇನೆ. ಕೂತು ಓದುವುದಕ್ಕೆ ದುಡ್ಡಿಲ್ಲ.

ನಮಗೇನು ಅಲ್ಲಿ ಕೆಲಸ ಅಂತ ಕೇಳಬಹುದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. ಅವನು ಇದೇ ಕೆಂಟ್‌ನ ಬ್ರಾಸ್ಟೆಡ್ ಊರಿನವನು. ಲೂಟಿಯಲ್ಲಿ ತನ್ನ ಪಾಲಿಗೆ ಬಂದ ಹಣದಲ್ಲಿ 1801ರಲ್ಲಿ ಫೇವರ್‌ಶ್ಯಾಮ್ ಹತ್ತಿರ ಬೆಲ್ಮಾಂಟ್ ಅನ್ನುವ ಬಂಗಲೆ, ಜಮೀನು ಕೊಂಡ. 1815ರಲ್ಲಿ ಸಿಕ್ಕ ಬ್ಯಾರನ್ ಪದವಿಯಲ್ಲೂ ಶ್ರೀರಂಗಪಟ್ಟಣ, ಮೈಸೂರು ಎರಡೂ ಹೆಸರು ಸೇರಿಕೊಂಡಿವೆ. ಆ ಮನೆತನದ ಕಾಗದಪತ್ರ ಇಲ್ಲಿದೆ. ಕ್ಯಾಟಲಾಗ್ ನಂಬರು ಯು624 (U624) ಅಂತ ಹೇಳಿ ಕೇಳಿದರೆ ಸಾಕು.

ಅಂದಹಾಗೆ ಆ ಬಂಗಲೆ ಕಟ್ಟಿಸಿದವನು ಹ್ಯಾರಿಸ್ ಅಲ್ಲ, ಜಾನ್ ಮಾಂಟ್ರೆಸರ್ ಅನ್ನುವ ಸೈನ್ಯದ ಎಂಜಿನಿಯರ್. ಸರ್ಕಾರದ ಜೊತೆ ಲೆಕ್ಕದ ತಕರಾರಿಗೆ ಸಿಕ್ಕಿಹಾಕಿಕೊಂಡು, ಟಿಪ್ಪು ಸತ್ತ ಅದೇ 1799ರಲ್ಲಿ, ಇದೇ ಮೇಡ್‌ಸ್ಟೋನ್‌ನ ಜೈಲಿನಲ್ಲಿ ತೀರಿಕೊಂಡ. ಶ್ರೀರಂಗಪಟ್ಟಣದ ದುಡ್ಡು ಯಾವ ಮನೆಗೆ ಹೋಗಿ ಸೇರಿತು ನೋಡಿ.

ಇಂಥ ಎಳೆ ಹಿಡಿದುಕೊಂಡು ಹೋಗಬೇಕಾದರೆ ಕ್ಯಾಟಲಾಗ್ ಒಂದೇ ಸಾಲದು. ಯಾವ ಆರ್ಕೈವ್‌ನ ಕ್ಯಾಟಲಾಗೇ ಆಗಲಿ, ಪೆಟ್ಟಿಗೆಯೊಳಗಿನ ಒಂದೊಂದು ಪತ್ರದ ಹೆಸರೂ ಅದರಲ್ಲಿ ಇರುವುದಿಲ್ಲ. ಅಲ್ಲಿನ ಸಿಬ್ಬಂದಿ ನನಗೆ ಹೇಳಿಕೊಟ್ಟದ್ದು ಇಷ್ಟು: ಊರಿನ ಹೆಸರು, ಮನುಷ್ಯನ ಹೆಸರು ಹುಡುಕುವ ಮುಂಚೆ, ಆ ಕಾಗದ ಬರೆದದ್ದು ಯಾರು, ಯಾಕೆ ಅಂತ ಯೋಚಿಸಿ. ಬಡವರ ವಿಷಯ ಬೇಕಾದರೆ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ, ಲೆಕ್ಕ ನೋಡಬೇಕು. ಜಗಳ, ಕಳ್ಳತನಕ್ಕೆ ಕ್ವಾರ್ಟರ್ ಸೆಷನ್ಸ್, ಅಂದರೆ ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ಕೌಂಟಿ ಕೋರ್ಟಿನ ಕಡತ. ಹೊಲಗದ್ದೆಗೆ ಟೈದ್ ನಕ್ಷೆ (ಅದೇನು ಅಂತ ಮುಂದೆ ಹೇಳುತ್ತೇನೆ). ಹ್ಯಾರಿಸ್ ವಿಷಯದಲ್ಲಂತೂ ಈಸ್ಟ್ ಇಂಡಿಯಾ ಕಂಪನಿಯ ಕಡೆಯ ದಾಖಲೆ ಬೇಕಾದರೆ ಲಂಡನ್‌ನ ಬ್ರಿಟಿಷ್ ಲೈಬ್ರರಿಗೆ ಹೋಗಿ ಅಂತ ಅವರೇ ದಾರಿ ತೋರಿಸಿದರು.

ಎಲ್ಲ ಕಡೆ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಬೇರೊಂದು ಕೌಂಟಿಯ ಆರ್ಕೈವ್‌ಗೆ (ಹೆಸರು ಬೇಡ) ಇಮೇಲ್ ಹಾಕಿದ್ದೆ. ವಾರಗಟ್ಟಲೆ ಸುದ್ದಿಯಿಲ್ಲ. ಕೊನೆಗೆ ಬಂದದ್ದು ಸುಮ್ನೆ ಒಂದು ವೆಬ್‌ಸೈಟ್ ಲಿಂಕ್.

ನನಗೆ ಜಾಸ್ತಿ ಇಷ್ಟವಾದದ್ದು ಟೈದ್ ನಕ್ಷೆ. ಚರ್ಚಿಗೆ ದವಸಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಹತ್ತನೇ ಒಂದು ಪಾಲನ್ನು 1836ರ ಕಾಯ್ದೆ ಹಣಕ್ಕೆ ಬದಲಾಯಿಸಿತು. ಅದಕ್ಕಾಗಿ ಊರೂರು ಅಳೆದು ನಕ್ಷೆ ಮಾಡಿದರು. ಜೊತೆಗಿರುವ ಪಟ್ಟಿ ಥೇಟ್ ನಮ್ಮ ಪಹಣಿ ಇದ್ದ ಹಾಗೆ. ಪ್ಲಾಟ್ ನಂಬರು, ಮಾಲೀಕ, ಉಳುಮೆ ಮಾಡುವವನು, ಹೊಲದ ಹೆಸರು, ಏನು ಬೆಳೆಯುತ್ತಾರೆ, ಎಷ್ಟು ಜಾಗ, ಎಷ್ಟು ಹಣ ಕಟ್ಟಬೇಕು, ಎಲ್ಲ ಸಾಲಾಗಿ ಇರುತ್ತದೆ. ಕೆಂಟ್ ಆದ್ದರಿಂದ ಬಿಯರ್‌ಗೆ ಹಾಕುವ ಹಾಪ್ ಬಳ್ಳಿಯ ತೋಟಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಈಗ ಮನೆಗಳ ಸಾಲು, ಕಾರ್ ಪಾರ್ಕ್ ಇರುವ ಕಡೆ ಆಗ ಯಾರ ತೋಟ ಇತ್ತು ಅಂತ ಬೆರಳಿಟ್ಟು ತೋರಿಸಬಹುದು.

ವಿಸ್ತೀರ್ಣದ ಕಾಲಂನಲ್ಲಿ ಎಕರೆ, ರೂಡ್, ಪರ್ಚ್ ಅಂತ ಇರುತ್ತದೆ. ಇಲ್ಲಿನ ಇಂಗ್ಲಿಷರೇ ಇದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಸಲೀಸು. ಎಕರೆಗೆ 4 ರೂಡ್, ಅಂದರೆ ಒಂದು ರೂಡ್ ನಮ್ಮ 10 ಗುಂಟೆ. ರೂಡ್‌ಗೆ 40 ಪರ್ಚ್, ಅಂದರೆ ಒಂದು ಪರ್ಚ್ ಕಾಲು ಗುಂಟೆ, ಸರಿಯಾಗಿ ನಾಲ್ಕಾಣೆ. 2-1-20 ಅಂತ ಕಂಡರೆ 2 ಎಕರೆ 15 ಗುಂಟೆ. ಊರಲ್ಲಿ ಜಮೀನಿನ ಲೆಕ್ಕ ಕೇಳಿ ಬೆಳೆದವರಿಗೆ ಕ್ಯಾಲ್ಕುಲೇಟರ್ ಯಾಕೆ, ಅಲ್ವಾ?

ಇನ್ನು ತ್ರಾಸದ ಮಾತು. 1733ಕ್ಕಿಂತ ಹಿಂದಿನ ಕೋರ್ಟ್ ದಾಖಲೆ ಬಹುಪಾಲು ಲ್ಯಾಟಿನ್‌ನಲ್ಲಿದೆ. ಅದಕ್ಕೂ ಹಿಂದೆ ಹೋದರೆ ಇಂಗ್ಲಿಷಿನ ಬರವಣಿಗೆಯೂ ಮೊದಮೊದಲು ಇರುವೆ ಸಾಲಿನ ಹಾಗೇ ಕಾಣುತ್ತದೆ. ಓದಲಾಗದ ಒಂದೆರಡು ಪದ ಕೇಳಿದರೆ ಸಿಬ್ಬಂದಿ ಹೇಳುತ್ತಾರೆ, ಇಡೀ ಪುಟ ಓದಿಕೊಡಿ ಅನ್ನಬೇಡಿ. ತಾರೀಖಿನ ಬಗ್ಗೆಯೂ ಜಾಗ್ರತೆ. 1752ಕ್ಕೆ ಮುಂಚೆ ಇಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಅಂತ ಬರೆದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1741. ಆಸ್ಪತ್ರೆ ದಾಖಲೆಗಳಾದರೆ ಸಾಮಾನ್ಯವಾಗಿ 100 ವರ್ಷ ಆಗುವ ತನಕ ತೋರಿಸುವುದಿಲ್ಲ.

ಪೆನ್ನು ಒಯ್ಯಬೇಡಿ, ಪೆನ್ಸಿಲ್ ಮಾತ್ರ. ದಪ್ಪ ಪುಸ್ತಕವನ್ನು ಫೋಮ್ ದಿಂಬಿನ ಮೇಲಿಟ್ಟೇ ತೆರೆಯಬೇಕು. ತೆರೆದಿರುವ ದಿನಗಳನ್ನು ನೋಡಿಕೊಂಡು, ಬೇಕಾದ ಕಡತವನ್ನು ಮೊದಲೇ ಹೇಳಿಟ್ಟು ಹೊರಡಿ. ರೈಲಿನಲ್ಲಿ ಬಂದರೆ ಮೇಡ್‌ಸ್ಟೋನ್ ಈಸ್ಟ್‌ನಲ್ಲಿ ಇಳಿದು ನಡೆದೇ ಹೋಗಬಹುದು.

ನೀವಿರುವುದು ಚಾಥಮ್, ಜಿಲ್ಲಿಂಗ್‌ಹ್ಯಾಮ್ ಕಡೆ ಆದರೆ ಮೊದಲು ಸ್ಟ್ರೂಡ್‌ನಲ್ಲಿರುವ ಮೆಡ್ವೇ ಆರ್ಕೈವ್ಸ್ ವಿಚಾರಿಸಿ. ಕ್ಯಾಂಟರ್‌ಬರಿ ಸುತ್ತಲಿನ ಚರ್ಚ್ ರಿಜಿಸ್ಟರ್‌ಗಳಿಗೆ ಅಲ್ಲಿನ ಕ್ಯಾಥೆಡ್ರಲ್‌ನದೇ ಬೇರೆ ಆರ್ಕೈವ್ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಮೇಡ್‌ಸ್ಟೋನ್‌ಗೆ ಒಂದು ಇಮೇಲ್ ಹಾಕಿ. ಊರಿನ ಹೆಸರಿನ ಜೊತೆ ಪ್ಯಾರಿಷ್ ಯಾವುದು, ಯಾವ ಕಾಲದ್ದು ಬೇಕು ಅಂತಲೂ ಬರೆಯಿರಿ.